ನಾಕಾ ಹಲಗೆಗೆ ಎಣ್ಣೆಯ ಸಾರಣೆ

ಕಟ್ಟಿಗೆಗೆ ಎಣ್ಣೆ ಹಚ್ಚುವುದೂ ಒಂದು ಕೆಲಸವೇ ಎಂದು ಕೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಒಂದು ಹಲಗೆ, ಒಂದು ಬಟ್ಟಲು ಎಣ್ಣೆ, ಒಂದು ಹಳೆಯ ಧೋತರದ ತುಂಡು ಕೈಗೆ ಕೊಟ್ಟು, "ಹಚ್ಚಿ ನೋಡ್ರಿ" ಅನ್ನುತ್ತೇನೆ. ಮರುದಿನ ಬಂದು ನೋಡಿದರೆ ಅವರ ಹಲಗೆಯ ಮೇಲೆ ನೊಣವೊಂದು ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಾನು ಶಹಾಪುರದ ಬಡಿಗೇರ ಓಣಿಯ ನೀಲಮ್ಮ. ಗಂಡನ ಮನೆಯವರು ಕಟ್ಟಿಗೆ ಕೊಯ್ದು, ಕೀಸಿ, ಜೋಡಿಸುತ್ತಿದ್ದರು. ಕೊನೆಗೆ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸ. ಅದೂ ಬಾಗಿಲು ಕಿಟಕಿಗಲ್ಲ, ಅಡುಗೆಮನೆಯ ಹಲಗೆಗಳಿಗೆ ಮಾತ್ರ. ಯಾದಗಿರಿ, ಶಹಾಪುರ, ಸುರಪುರ, ಈ ಮೂರೂರುಗಳಲ್ಲಿ ಎಷ್ಟು ಅಡುಗೆಮನೆ ಹೊಕ್ಕು ಬಂದಿದ್ದೇನೋ ನೆನಪಿಟ್ಟಿಲ್ಲ. ಈಗ ಭುಜ ಮೇಲೇಳುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ನಮ್ಮ ಅಂಗಡಿಗೆ ಪಾಲಿಶ್ ಕೆಲಸ ಕಲಿಯಲು ಹುಡುಗಿಯರು ಬರುತ್ತಾರೆ. ಡಬ್ಬಿಯ ಮುಚ್ಚಳ ತೆಗೆದು, ಬ್ರಷ್ ಅದ್ದಿ, ಕಿವಿಯಲ್ಲಿ ಹಾಡು ಹಾಕಿಕೊಂಡು ಹಚ್ಚುತ್ತಾರೆ. ಅವರ ಬಗ್ಗೆ ನನಗೇನೂ ತಕರಾರಿಲ್ಲ, ಹಾಡು ನನಗೂ ಇಷ್ಟ. ಆದರೆ ಡಬ್ಬಿಯ ಮೇಲೆ ಬರೆಯದ ಕೆಲವು ಸಂಗತಿಗಳಿವೆ, ಅವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ನಮ್ಮೂರ ವಕೀಲರ ಮನೆಯ ಹಲಗೆಯ ಸಂಗತಿ. ಆ ಹಲಗೆ ಕೆಟ್ಟಿದ್ದರೆ ಆ ಮನೆಯ ಸೊಸೆ ಗಂಡನ ಮನೆಯಲ್ಲಿ ಉಳಿಯುತ್ತಿರಲಿಲ್ಲ.

ಅದಕ್ಕೆ ಮೊದಲು, ಹೆಂಗಸು ಈ ಕೆಲಸಕ್ಕೆ ಹೇಗೆ ಬಂದಳು ಎನ್ನುವುದನ್ನು ಹೇಳಬೇಕು. ನನ್ನ ಮಾವ ಮಾನಪ್ಪ ಮೇಸ್ತ್ರಿ ಸುರಪುರದ ಒಂದು ದೊಡ್ಡ ಮನೆಗೆ ಅಡುಗೆಮನೆಯ ಹಲಗೆ ಮಾಡಿಕೊಟ್ಟರು. ಅದನ್ನು ಕೂಡಿಸುವ ದಿನ ಮನೆಯ ಹೆಂಗಸರೆಲ್ಲ ಹಿತ್ತಲಿಗೆ ಹೋಗಿ ಕುಳಿತರು. ಹೊರಗಿನ ಗಂಡಸು ಒಲೆಯ ಕೋಣೆಗೆ ಬಂದರೆ ಅಲ್ಲಿಯ ಹೆಂಗಸರು ಎದುರಿಗೆ ನಿಲ್ಲುವ ಪದ್ಧತಿ ಇರಲಿಲ್ಲ. ಒಂದು ದಿನದ ಮಟ್ಟಿಗೆ ಅದು ನಡೆಯಿತು. ಆದರೆ ಎಣ್ಣೆಯ ಕೆಲಸ ಒಂದು ದಿನದ್ದಲ್ಲ. ಇವತ್ತು ಒಂದು ಕೈ, ಅದು ಒಳಗೆ ಇಳಿದು ಒಣಗಿದ ಮೇಲೆ ಇನ್ನೊಂದು ಕೈ, ಹೀಗೆ ವಾರಗಟ್ಟಲೆ ಹೋಗಬೇಕು. ಮಾವ ದಿನಾ ಒಳಗೆ, ಹೆಂಗಸರು ದಿನಾ ಹಿತ್ತಲಲ್ಲಿ, ಒಲೆ ತಣ್ಣಗೆ. ಕಡೆಗೆ ಆ ಮನೆಯ ಯಜಮಾನರು ಹಸಿದ ಹೊಟ್ಟೆಯಲ್ಲಿ ಬಂದು, "ಮೇಸ್ತ್ರಿ, ನಿನ್ನ ಹಲಗಿನೂ ಬ್ಯಾಡ, ನಿನ್ನ ಎಣ್ಣಿನೂ ಬ್ಯಾಡ. ನನಗ ಎರಡು ರೊಟ್ಟಿ ಸಿಗ್ಲಿ ಸಾಕು" ಎಂದು ಕೈ ಮುಗಿದರಂತೆ.

ಮಾವ ಮನೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀಲಿ, ನಿನ್ನ ಮುಂಗೈ ಗಟ್ಟಿ ಅದಾವೇನು?"

"ದಿನಾ ಬೀಸೂಕಲ್ಲ ತಿರುವ್ತೀನಲ್ರಿ ಮಾವಾ."

"ಹಂಗಾದ್ರ ನಾಳಿ ಸುರಪುರಕ್ಕ ನಡಿ."

ಹೀಗೆ ಒಬ್ಬರ ಹಸಿವಿನಿಂದ ನನಗೆ ಉದ್ಯೋಗ ಸಿಕ್ಕಿತು. ಕಲಿಸಿದ ರೀತಿಯೂ ಹಾಗೇ ಇತ್ತು. ಮಾವ ಒಳಗೆ ಬರುವಂತಿಲ್ಲ, ನನಗೆ ಕೆಲಸ ಗೊತ್ತಿಲ್ಲ. ಅವರು ಗೋಡೆಯ ಹೊರಗೆ ಕಿಟಕಿಯ ಕೆಳಗೆ ಕುಳಿತು ಕೂಗುವುದು, ನಾನು ಒಳಗಿನಿಂದ ಕೂಗುವುದು. "ನೀಲಿ, ಬಣ್ಣ ಹೆಂಗದ?" "ಚಾ ಬಣ್ಣ ಅದರಿ!" "ಹಾಲು ಹಾಕಿದ್ದೋ, ಹಾಲಿಲ್ಲದ್ದೋ?" "ಹಾಲಿಲ್ಲದ್ದು!" "ಇನ್ನೊಂದ್ ಕೈ ಒರಸು!" ಆ ಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾವ ಮಾತ್ರ ನಗುತ್ತಿರಲಿಲ್ಲ. ಗೋಡೆಯ ಆಚೆಯಿಂದಲೇ ಎಣ್ಣೆಯ ವಾಸನೆ ಹಿಡಿದು, "ಭಾಳ ಸುರಿದಿ, ಭಾಳ ಸುರಿದಿ!" ಎಂದು ಗದರುತ್ತಿದ್ದರು. ಅವರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು, ವಾಸನೆಯೂ ಅಲ್ಲಿಗೇ ಬಂದು ತಾಕುತ್ತಿತ್ತು.

ನಾವು ಬಳಸುತ್ತಿದ್ದದ್ದು ಗಾಣದ ಅಗಸೆ ಎಣ್ಣೆ. ಹೊಲದಲ್ಲಿ ಜೋಳದ ಸಾಲಿನ ನಡುವೆ ಬೆಳೆಯುವ ಆ ನೀಲಿ ಹೂವಿನ ಅಗಸೆ. ಅದರ ಎಣ್ಣೆಗೆ ಒಂದು ಗುಣವಿದೆ, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ, ಔಡಲ ಎಣ್ಣೆ ಒಣಗುವುದಿಲ್ಲ. ಬಾಗಿಲಿಗಾದರೆ ಮಾವ ಬೇಗ ಒಣಗಲೆಂದು ಮುರದಾಸಿಂಗಿ ಎಂಬ ಸೀಸದ ಪುಡಿ ಹಾಕಿ ಕುದಿಸುತ್ತಿದ್ದರು. ಅದು ಹೊಟ್ಟೆಗೆ ಹೋದರೆ ವಿಷ, ಅಡುಗೆಯ ಹಲಗೆಗೆ ಎಂದೂ ಹಾಕಲಿಲ್ಲ. ಹುಡುಗಿಯರೇ, ಇದೊಂದನ್ನು ಮಾತ್ರ ನಗದೆ ಕೇಳಿ.

ಯಾದಗಿರಿಯ ಸಾಹೇಬರ ಹೆಂಡತಿ ಕೇಳಲಿಲ್ಲ. ನಿಜಾಮರ ರಾಜ್ಯ ಹೋಗಿ ನಾವೆಲ್ಲ ದೊಡ್ಡ ದೇಶದೊಳಗೆ ಸೇರಿದ ಹೊಸತು. ದಫ್ತರಗಳಿಂದ ಉರ್ದು ಪೂರ್ತಿ ಹೋಗಿರಲಿಲ್ಲ, ಕನ್ನಡ ಪೂರ್ತಿ ಬಂದಿರಲಿಲ್ಲ. ದೂರದೂರದ ಊರುಗಳಿಂದ ಸಾಹೇಬರು ಬದಲಿಯಾಗಿ ಬರುತ್ತಿದ್ದರು. ಅವರ ಹಿಂದೆ ಅವರ ಹೆಂಡಿರು ಬಂದರು, ಹೆಂಡಿರ ಹಿಂದೆಯೇ, ನಿಂತು ಅಡುಗೆ ಮಾಡುವ ರೂಢಿಯೂ ಬಂತು. ಈ ತಾಯಿ ಸಮುದ್ರದ ಕಡೆಯವರು. ಸೀಮೆ ಎಣ್ಣೆಯ ಸ್ಟೋವ್ ಇಡಲು ಕಲ್ಲು, ಅದರ ಪಕ್ಕದಲ್ಲಿ ಹೆಚ್ಚಲು ಹಲಗೆ ಮಾಡಿಸಿದ್ದರು. ಅಗಸೆ ಎಣ್ಣೆಯ ಬಾಟಲಿ ಮೂಸಿ ಮುಖ ಸಿಂಡರಿಸಿ, "ಈ ನಾತ ನನ್ನ ಅಡುಗೆಮನೆಗೆ ಬೇಡ" ಎಂದು ಊರಿಂದ ತಂದ ಕೊಬ್ಬರಿ ಎಣ್ಣೆ ಕೊಟ್ಟರು. ನಾನು ಕಿಟಕಿಯಿಂದ ಕೂಗಿ ಮಾವನನ್ನು ಕೇಳಿದೆ. "ಅವರ ಮನಿ, ಅವರ ಹಲಗಿ, ಹಚ್ಚು. ನಾವು ಮತ್ತ ಬರೂದು ಅದ" ಎಂದು ಮಾವ ಶಾಂತವಾಗಿ ಹೇಳಿದರು. ಅವರು ಶಾಂತವಾಗಿದ್ದಾರೆಂದರೆ ಏನೋ ಆಗಲಿದೆ ಎಂದೇ ಅರ್ಥ.

ಹಲಗೆ ಮದುಮಗನ ತಲೆಯ ಹಾಗೆ ಮಿಂಚಿತು, ಆದರೆ ಒಣಗಲಿಲ್ಲ. ಸಾಹೇಬರು ಚಹಾದ ಕಪ್ಪು ಇಟ್ಟರೆ ಅದು ತಾನೇ ನಡೆದುಕೊಂಡು ಅಂಚಿಗೆ ಬರುತ್ತಿತ್ತಂತೆ. ಆಮೇಲೆ ಇರುವೆಗಳು ಬಂದವು. ಯಾದಗಿರಿಯ ಇರುವೆಗಳಿಗೆ ಕೊಬ್ಬರಿಯ ರುಚಿ ಹೊಸತು, ಸಂಸಾರ ಸಮೇತ ಬಂದವು. ನಮ್ಮನ್ನು ಮತ್ತೆ ಕರೆದಾಗ ಆ ತಾಯಿಯೇ ಮೂಗಿಗೆ ಸೆರಗು ಹಿಡಿದುಕೊಂಡು ಅಗಸೆ ಎಣ್ಣೆಯ ಬಟ್ಟಲು ನನ್ನ ಕೈಗಿತ್ತರು. ಒಣಗಿದ ಮೇಲೆ ಯಾವ ನಾತವೂ ಉಳಿಯಲಿಲ್ಲ.

ಇನ್ನೊಂದು ಮಾತು, ಒರೆಸಿದ ಬಟ್ಟೆಯ ಬಗ್ಗೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತನ್ನಷ್ಟಕ್ಕೆ ತಾನು ಬಿಸಿಯಾಗಿ ಉರಿ ಹತ್ತುತ್ತದೆ. ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಅಂಗಡಿಯ ಮೂಲೆಯಿಂದ ಹೊಗೆ ಎದ್ದಿತು. ಮಾವ ಪಕ್ಕದ ಕ್ಷೌರಿಕ ಹುಸೇನಪ್ಪನ ಬೀಡಿಯನ್ನೇ ಹಿಡಿದು ಜಗಳಕ್ಕೆ ಹೋದರು. ಅವನು ಬೀಡಿ ಬಿಟ್ಟು ವರ್ಷವಾಗಿತ್ತು. ಮತ್ತೊಮ್ಮೆ ಹಾಗೇ ಹೊಗೆ ಬಂದಾಗ ಮಾವ ಎದುರಿಗೇ ಕುಳಿತಿದ್ದರು, ಕಣ್ಣಾರೆ ನೋಡಿದರು. ಅಂದಿನಿಂದ ಬಟ್ಟೆ ಹರವಿ ಒಣಗಿಸುವ ಪದ್ಧತಿ ಬಂತು. ಹುಸೇನಪ್ಪನಿಗೆ ಕ್ಷಮೆ ಕೇಳಲಿಲ್ಲ, ಒಂದು ಕುರ್ಚಿ ಮಾಡಿಕೊಟ್ಟರು.

ಈಗ ವಕೀಲರ ಮನೆಗೆ ಬರುತ್ತೇನೆ. ಶಿವಶರಣಪ್ಪ ವಕೀಲರು ಶಹಾಪುರದಲ್ಲಿ ಉರ್ದುವಿನಲ್ಲಿ ವಾದಿಸಿ ಹೆಸರು ಮಾಡಿದವರು. ಹೊಸ ಸರಕಾರದಲ್ಲಿ ಯಾವ ಭಾಷೆಯಲ್ಲಿ ವಾದಿಸಬೇಕೆಂದು ಅವರಿಗೂ ತಿಳಿದಿರಲಿಲ್ಲ, ಕೇಳಿಸಿಕೊಳ್ಳುವವರಿಗೂ ತಿಳಿದಿರಲಿಲ್ಲ. ಹೀಗಾಗಿ ಕೈತುಂಬ ಬಿಡುವು. ಆ ಬಿಡುವಿನಲ್ಲಿ ಒಂದು ದಿನ ಕೊಡೇಕಲ್ ಕಡೆಗೆ ಹೋದವರು ಬಂಡಿಯ ಮೇಲೆ ಉದ್ದನೆಯ ಸಾಗವಾನಿ ಹಲಗೆ ಹೇರಿಕೊಂಡು ನೇರ ನಮ್ಮ ಅಂಗಡಿಗೆ ಬಂದರು.

"ಮೇಸ್ತ್ರಿ, ಇದು ಬರೇ ಹಲಗಿ ಅಲ್ಲ, ಸರಹದ್ದು! ಹರಾಜಿನ್ಯಾಗ ಹಿಡದೀನಿ. ಇದನ್ನ ನಮ್ಮ ಮನಿ ಒಲಿ ಬಾಜೂಕ ನಿಲ್ಲಸು."

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಅದಕ್ಕೆ ಮುಂಚೆ ನಮ್ಮ ಕಡೆ ನಿಜಾಮರ ರಾಜ್ಯ, ತಾಳಿಕೋಟಿಯ ಕಡೆ ಬೇರೆ ರಾಜ್ಯ. ನಡುವೆ ಸುಂಕದ ನಾಕಾ. ಆ ಕಡೆಯಿಂದ ಬಂದವರು ಗಂಟು ಇಳಿಸಿ, ಅಲ್ಲಿದ್ದ ಉದ್ದ ಮೇಜಿನ ಮೇಲೆ ಬಿಚ್ಚಿ ತೋರಿಸಬೇಕಿತ್ತು. ಎರಡೂ ಕಡೆ ಒಂದೇ ದೇಶವಾದ ಮೇಲೆ ನಾಕಾ ಎತ್ತಿಬಿಟ್ಟರು, ಮೇಜು ಉಳಿಯಿತು. ವಕೀಲರು ತಂದದ್ದು ಅದರ ಮೇಲಿನ ಹಲಗೆ. ಕಲ್ಲಿನ ನಾಡಿನಲ್ಲಿ ಕಲ್ಲನ್ನೇ ಹಾಸಬಹುದಿತ್ತು. ಆದರೆ ನಿಂತು ಕಲ್ಲಿನ ಮೇಲೆ ರೊಟ್ಟಿ ಬಡಿದರೆ ಅಂಗೈ ಉರಿಯುತ್ತದೆ, ಮೇಲಾಗಿ ವಕೀಲರಿಗೆ ಸರಹದ್ದಿನ ಹುಚ್ಚು ಹಿಡಿದಿತ್ತು.

ಹಲಗೆ ಬೇಕಾದದ್ದು ಅವರ ಹೆಂಡತಿ ಶಾಂತಮ್ಮನಿಗೆ. ಕಕ್ಕೇರಾದ ಹುಡುಗಿ, ನನ್ನ ವಯಸ್ಸಿನವಳೇ. ಬಂಡಿಯಿಂದ ಬಿದ್ದು ಒಂದು ಮೊಣಕಾಲು ಮಡಚದಂತೆ ಆಗಿತ್ತು. ನೆಲದ ಮೇಲೆ ಕೂರಲು ಬಾರದವಳು ನೆಲದ ಒಲೆಯ ಮುಂದೆ ರೊಟ್ಟಿ ಹೇಗೆ ಬಡಿಯಬೇಕು? ಎಲ್ಲ ರೊಟ್ಟಿಯನ್ನೂ ಅತ್ತೆ ಗೌರಮ್ಮ ಬಡಿಯುತ್ತಿದ್ದರು. ಅವರಿಗೂ ವಯಸ್ಸಾಗಿತ್ತು, ಸೊಂಟ ಹಿಡಿದಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ನಾನು ಶಾಂತಮ್ಮನ ಮೊಣಕೈ ಎತ್ತರವನ್ನು ಗೇಣಿನಿಂದ ಅಳೆಯುತ್ತಿದ್ದಾಗ ಗೌರಮ್ಮ ಬಾಗಿಲಲ್ಲಿ ನಿಂತು ಹೇಳಿದರು:

"ಅಳಿ ತಂಗಿ, ಚಂದಾಗಿ ಅಳಿ. ಎಳ್ಳಮವಾಸಿಗೆ ಹೊಲಕ್ಕ ಒಯ್ಯೂ ರೊಟ್ಟಿ ಈ ಮನಿ ಸೊಸಿ ಕೈಲೇ ಆಗಬೇಕು. ಆಗಲಿಲ್ಲಂದ್ರ ಅಕಿ ಅಣ್ಣಗ ಹೇಳಿ ಕಳಸೀನಿ, ಬಂಡಿ ತಂದು ಕರಕೊಂಡು ಹೋಗ್ತಾನ. ನನ್ನ ಕೈಲಿ ಇನ್ನ ಆಗಂಗಿಲ್ಲ."

ವಕೀಲರಿಗೆ ಬೇರೆ ಹೆಣ್ಣು ತರುವ ಮಾತೂ ಮನೆಯಲ್ಲಿ ಓಡಾಡುತ್ತಿತ್ತು. ಇದನ್ನು ಶಾಂತಮ್ಮನೇ ನನಗೆ ಹೇಳಿದಳು. ಮೊದಲ ಕೈ ಎಣ್ಣೆ ಹಚ್ಚಿ, ಅದು ಒಳಗೆ ಇಳಿಯಲಿ ಎಂದು ಕಾಯುವಾಗ ಅವಳು ನನಗೆ ನೆಲದ ಮೇಲೆ ಇದ್ದಲಿನಿಂದ ಅಕ್ಷರ ಬರೆದು ತೋರಿಸುತ್ತಿದ್ದಳು. ನಾನು ಈಗ ಬರೆಯುತ್ತಿರುವುದು ಅವಳು ಕಲಿಸಿದ ಅಕ್ಷರಗಳಲ್ಲೇ. 'ಮನೆ' ಎಂದು ಬರೆಸುತ್ತಿದ್ದವಳು ಮಧ್ಯದಲ್ಲೇ ನಿಲ್ಲಿಸಿ, "ನೀಲಕ್ಕಾ, ಈ ಹಲಗಿ ಎಳ್ಳಮವಾಸಿಗೆ ಒಣಗ್ತದಲ್ಲ?" ಎಂದು ಕೇಳಿದಳು. ಅಲ್ಲಿಯವರೆಗೆ ಹಲಗೆ ನನಗೆ ಹಲಗೆಯಾಗಿತ್ತು. ಚಳಿಗಾಲದಲ್ಲಿ ಅಗಸೆ ಎಣ್ಣೆ ಸೋಮಾರಿಯಾಗುತ್ತದೆ, ಬೇಸಿಗೆಯ ಹಾಗೆ ಬೇಗ ಒಣಗುವುದಿಲ್ಲ. ಆದರೂ "ಒಣಗ್ತದ" ಎಂದೆ. ಹೇಳಿದ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ.

ಎರಡು ಕೈ ಚೆನ್ನಾಗಿ ಕೂತವು. ಬೆರಳಿನಿಂದ ಮುಟ್ಟಿದರೆ ಇನ್ನೂ ಸ್ವಲ್ಪ ಹಿಡಿದಂತೆ ಆಗುತ್ತಿತ್ತು, ಆದರೆ ಸಾಗವಾನಿಯ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಮೂರನೆಯ ಕೈ ಹಚ್ಚಲು ಬೆಳಿಗ್ಗೆ ಹೋದೆ. ಮಾವ ಎಂದಿನಂತೆ ಹೊರಗೆ ಕಿಟಕಿಯ ಕೆಳಗೆ ಕುಳಿತರು. ನಾನು ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

"ನೀಲಿ, ಬಣ್ಣ ಹೆಂಗದ?"

ನಾನು ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದೆ.

"ಕೇಳಾಕತ್ತೀನಲ್ಲ, ಬಣ್ಣ ಹೆಂಗದ?"

"ಹಸಿರು ಅದರಿ ಮಾವಾ."

ಗೋಡೆಯ ಆಚೆ ಮಾವ ಎದ್ದು ನಿಂತರು. "ಸಾಗವಾನಿ ಹಸಿರು ಹೆಂಗ ಆಗ್ತದ?"

ಹೇಗೆಂದರೆ, ಗೌರಮ್ಮ ನಸುಕಿನಲ್ಲೆದ್ದು ಅದಕ್ಕೆ ಸಗಣಿ ಸಾರಿಸಿದ್ದರು. ಮೂಲೆ ಬಿಡದೆ, ಅಂಚು ಬಿಡದೆ, ಮೇಲೆ ಎಳೆ ರಂಗೋಲಿ ಬೇರೆ. ನಡುವೆ ಅರಿಶಿನ ಕುಂಕುಮ. ನಮ್ಮ ಕಡೆ ಒಲೆ ಹೊತ್ತಿಸುವ ಮೊದಲು ಒಲೆಯನ್ನೂ ಅದರ ಮುಂದಿನ ಜಾಗವನ್ನೂ ದಿನಾ ಸಗಣಿಯಿಂದ ಸಾರಿಸಬೇಕು. ಹಾಗೆ ಸಾರಿಸದ ಜಾಗ ಅಡುಗೆಗೆ ಬಾರದು. ಹಲಗೆ ಒಲೆಯ ಪಕ್ಕಕ್ಕೆ ಬಂದ ಮೇಲೆ ಅದೂ ಒಲೆಯ ಜಾಗವೇ. ಇಷ್ಟು ಕೆಲಸ ಮಾಡಿದ ನನಗೆ ಇದು ಹೊಳೆಯಲೇ ಇಲ್ಲ. ಯಾದಗಿರಿಯ ಸಾಹೇಬರ ಮನೆಯಲ್ಲಿ ಸಾರಿಸುವವರು ಇರಲಿಲ್ಲ, ಸುರಪುರದ ಮನೆಯ ಹಲಗೆ ಒಲೆಯಿಂದ ದೂರವಿತ್ತು.

"ಏನ್ ಮಾಡೀರಿ ಅವ್ವಾ?" ಎಂದು ಗೌರಮ್ಮನನ್ನು ಕೇಳಿದೆ.

"ಹೆಂಡಿ ಹಚ್ಚೀನಿ. ಒಲಿ ಬಾಜೂಕಿನ ಕಟ್ಟಿ ಅಂದ ಮ್ಯಾಲ ಸಾರಸಬ್ಯಾಡೇನು? ನೀವು ಎಣ್ಣಿ ಹಚ್ಚಿ ಹೋಗ್ತೀರಿ. ಮೈಲಿಗಿ ಯಾರು ತೆಗೀಬೇಕು?"

"ಎಣ್ಣಿ ಹಸಿ ಇತ್ತರಿ. ಹೆಂಡಿ ಅದರಾಗ ಕೂತದ. ಹುಲ್ಲು, ಹೊಟ್ಟು ಎಲ್ಲಾ ಅಂಟ್ಯದ. ಇನ್ನ ಒಣಗಿದ್ರೂ ಬಿಡಂಗಿಲ್ಲ."

"ಬಿಡದಿದ್ರ ಛಲೋ ಆತು. ನಾಳಿ ಮತ್ತ ಹಚ್ಚೂದು ಉಳೀತು."

ಶಾಂತಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲು ಆಗಲಿಲ್ಲ. ಎಳ್ಳಮವಾಸ್ಯೆ ಹತ್ತಿರ ಬಂದಿತ್ತು. ಹಲಗೆ ಮೊದಲಿನಿಂದ ಕೀಸಬೇಕು, ಮತ್ತೆ ಎಣ್ಣೆ ಕುಡಿಸಬೇಕು. ಅಷ್ಟರಲ್ಲಿ ವಕೀಲರು ಗದ್ದಲ ಕೇಳಿ ಒಳಗೆ ಬಂದರು. ಹಸಿರು ಹಲಗೆ ನೋಡಿ, ಕೋರ್ಟಿನಲ್ಲಿ ಎದ್ದು ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು, "ಅವ್ವಾ, ಕಾನೂನಿನ ಪ್ರಕಾರ..." ಎಂದರು. ಗೌರಮ್ಮ ತಿರುಗಿ ನೋಡಿದರು. ವಕೀಲರು ಕಾನೂನನ್ನು ಅಲ್ಲಿಗೇ ಬಿಟ್ಟು ಪಡಸಾಲೆಗೆ ಹೋದರು.

ಆಮೇಲೆ ಗೌರಮ್ಮನ ಸಿಟ್ಟಿನ ಬೇರು ಹೊರಗೆ ಬಂತು.

"ನೀಲಮ್ಮ, ಈ ಹಲಗಿ ನನಗ ಗುರ್ತಿಲ್ಲ ಅಂತ ತಿಳದೀಯೇನು? ನನ್ನ ಮಗಳ ಲಗ್ನಕ್ಕ ತಾಳಿಕೋಟಿ ಕಡೆಯಿಂದ ಪೀತಾಂಬರ ತರಾಕತ್ತಿದ್ದೆ. ನಾಕಾದಾಗ ಗಂಟು ಇಳಸು ಅಂದ್ರು. ಇದೇ ಹಲಗಿ ಮ್ಯಾಲ ಬಿಚ್ಚಿ, ನೂರು ಮಂದಿ ಮುಂದ ನನ್ನ ಮಗಳ ಸೀರಿ ಝಾಡಿಸಿ ಝಾಡಿಸಿ ನೋಡಿದ್ರು. ನನ್ನ ಕುಬಸ ಸೈತ ಬಿಡಲಿಲ್ಲ. ಅಲ್ಲಿ ಹೆಂಡಿ ಬುಡಕ ಕರಿ ಮಸಿ ಕಲಿ ಅದ, ಅದರ ಬಾಜೂಕ. ಈಗ ಅದರ ಮ್ಯಾಲ ನಾನು ಹೊಟ್ಟಿಗೆ ರೊಟ್ಟಿ ಬಡೀಲೇನು? ಹೆಂಡಿ ಹಚ್ಚಿದ್ದೇ ಕಡಿಮಿ ಆತು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಗಂಟನ್ನು ಯಾರಾದರೂ ಹಾಗೆ ಬಿಚ್ಚಿದ್ದರೆ ನಾನು ಆ ಹಲಗೆಯನ್ನು ಒಲೆಗೇ ಹಾಕುತ್ತಿದ್ದೆ. ಹೊರಗೆ ಹೋಗಿ ಮಾವನಿಗೆ ಹೇಳಿದೆ. ಬಯ್ಯುತ್ತಾರೆಂದು ಹೆದರಿದ್ದೆ, ಮಾವ ಸುಮ್ಮನೆ ಎದ್ದರು. "ಹಲಗಿ ಅಂಗಳಕ್ಕ ತರಸು. ಅಂಗಳದಾಗ ನನಗ ಯಾರ ಅಡ್ಡಿನೂ ಇಲ್ಲ" ಎಂದರು.

ಬಿಸಿಲಲ್ಲಿ ಹಲಗೆ ಇಟ್ಟು ಮಾವ ಕೀಸಲು ಕುಳಿತರು. ಮೊದಲು ಹಸಿರು ಸುರುಳಿ ಬಂದವು, ಆಮೇಲೆ ಕಂದು ಸುರುಳಿ. ಮಸಿಯ ಕಲೆ ಬಂದಲ್ಲಿ ಕರಿ ಸುರುಳಿ. ಗೌರಮ್ಮ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುವಂತೆ ನಟಿಸುತ್ತಿದ್ದರು. ಕಣ್ಣು ಮಾತ್ರ ಹಲಗೆಯ ಮೇಲೆ.

"ಮೇಸ್ತ್ರಿ, ಆ ಕಲಿ ಹೋತೇನು?"

"ಇನ್ನ ಅದ."

"ಇನ್ನ ತೆಗಿ."

ಮಾವ ಇನ್ನೂ ಕೀಸಿದರು. ಕಲೆ ಪೂರ್ತಿ ಹೋದಾಗ ಗೌರಮ್ಮ ಎದ್ದು ಬಂದು, ಆ ಜಾಗವನ್ನು ಅಂಗೈಯಿಂದ ಸವರಿ ನೋಡಿದರು. ಕೆಳಗೆ ಬಿದ್ದಿದ್ದ ಕರಿ ಸುರುಳಿಗಳನ್ನು ತಾವೇ ಬಾಚಿ ಒಯ್ದು ನೀರೊಲೆಗೆ ಹಾಕಿದರು. ಅವರ ಮುಖದಲ್ಲಿ ಅಂಥ ಖುಷಿ ನಾನು ಮೊದಲು ನೋಡಿರಲಿಲ್ಲ.

ಆದರೂ ಸಾರಣೆಯ ತಕರಾರು ಉಳಿದಿತ್ತು. "ಸಾರಸಲಾರದ ಒಲಿ ಮುಂದ ನಾ ನೀರೂ ಕುಡಿಯಂಗಿಲ್ಲ" ಎಂದರು. ಹಲಗೆಯನ್ನು ಹೊಳೆಯ ನೀರಿನಿಂದ ಒಮ್ಮೆ ತೊಳೆದು, ಒಣಗಿಸಿ, ಎದ್ದ ನಾರನ್ನು ಮತ್ತೆ ಉಜ್ಜಿ, ಒಳಗೆ ಕೂಡಿಸಿ ನಾನು ಎಣ್ಣೆ ಬೆಚ್ಚಗೆ ಮಾಡಿದೆ. ಬೇರೆ ದಾರಿ ಕಾಣದೆ ಹೇಳಿದೆ:

"ಅವ್ವಾ, ಸಾರಸೂದು ಬಿಡಬ್ಯಾಡ್ರಿ. ದಿನಾ ಸಾರಸ್ರಿ. ಆದ್ರ ಹೆಂಡಿ ಬದಲಿ ಎಣ್ಣಿಲೇ ಸಾರಸ್ರಿ. ಹಣಮಪ್ಪಗ ಹಚ್ಚೂದು ಎಣ್ಣಿನೇ ಅಲ್ರಿ?"

"ಹಣಮಪ್ಪ ನಮ್ಮ ಒಲಿ ಬಾಜೂಕ ಕುಂತಾನೇನು?" ಎಂದು ಅವರು ಮೂಗು ಮುರಿದರು. ನಾನು ಬಟ್ಟೆ ಅದ್ದಿ ಒರೆಸತೊಡಗಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಇದೇನು ಸಾರಣಿ? ಎಮ್ಮಿ ನೆಕ್ಕಿದಂಗ ಕಾಣ್ತದ. ಅತ್ಲಾಗ ಸರಿ."

ಬಟ್ಟೆ ಕಸಿದುಕೊಂಡರು. ಹುಡುಗಿಯರೇ, ಆ ಕೈ ನೀವು ನೋಡಬೇಕಿತ್ತು. ಒಂದು ಜೀವಮಾನವೆಲ್ಲ ನೆಲ ಸಾರಿಸಿದ ಕೈ. ಮುಂಗೈ ತಿರುವಿ ಅರ್ಧ ಚಂದ್ರ ಎಳೆದು, ಅದರ ಅಂಚಿನ ಮೇಲೆ ಇನ್ನೊಂದು ಅರ್ಧ ಚಂದ್ರ, ಹಾಗೇ ಹಿಂದೆ ಹಿಂದೆ ಸರಿಯುತ್ತ ಬಂದರು. ಎಲ್ಲಿಯೂ ಎಣ್ಣೆ ನಿಲ್ಲಲಿಲ್ಲ, ಎಲ್ಲಿಯೂ ಒಣ ಉಳಿಯಲಿಲ್ಲ. ನಾನು ಮಾವನ ಹೇಳಿಕೆಯ ಮೇಲೆ ನಾರಿನ ಗುಂಟ ನೇರ ಗೆರೆ ಎಳೆಯುತ್ತಿದ್ದೆ, ಕೊನೆಯಲ್ಲಿ ಎಣ್ಣೆ ಗಡ್ಡೆ ಕಟ್ಟುತ್ತಿತ್ತು. ಅಂದಿನಿಂದ ಕೆಲಸ ಬಿಡುವ ತನಕ ನಾನು ಹಚ್ಚಿದ್ದು ಗೌರಮ್ಮನ ಕೈಯಂತೆಯೇ, ಅರ್ಧ ಚಂದ್ರದ ಮೇಲೆ ಅರ್ಧ ಚಂದ್ರ. ನಿಮಗೆ ಕಲಿಸಿದ್ದೂ ಅದನ್ನೇ. ಅದು ನನ್ನದೆಂದು ನೀವು ತಿಳಿದಿದ್ದೀರಿ.

ಹೊರಗಿನಿಂದ ಮಾವ ಕೂಗಿದರು: "ನೀಲಿ, ಬಣ್ಣ ಹೆಂಗದ?"

ಗೌರಮ್ಮ ಕಿಟಕಿಗೆ ತಿರುಗಿ ಕೂಗಿದರು: "ಬಂಗಾರ ಆಗ್ಯದ, ಸುಮ್ಕಿರು ಮೇಸ್ತ್ರಿ! ಬೆಳಗಾದ್ರ ಬಣ್ಣ ಬಣ್ಣ ಅಂತ ಒದರ್ತೀದಿ."

ಮಾವನಿಗೆ ಆ ರೀತಿ ಮಾತಾಡಿದವರು ಶಹಾಪುರದಲ್ಲಿ ಬೇರೆ ಯಾರೂ ಇರಲಿಲ್ಲ. ಶಾಂತಮ್ಮ ನಕ್ಕಳು, ನಾನೂ ನಕ್ಕೆ. ಗೌರಮ್ಮ ನಗಲಿಲ್ಲ, ಇನ್ನೊಂದು ಅರ್ಧ ಚಂದ್ರ ಎಳೆದರು.

ಹೀಗೆ ದಿನಾ ಬೆಳಿಗ್ಗೆ ಅವರೇ ಎಣ್ಣೆಯ ಸಾರಣೆ ಮಾಡಿದರು. ಹಗಲು ಕಿಟಕಿ ತೆರೆದಿಟ್ಟು ಬಿಸಿಲು ಬರುವಂತೆ ನೋಡಿಕೊಂಡೆವು. ಅವರು ಎಳೆದ ಪದರು ಅಷ್ಟು ತೆಳುವಾಗಿದ್ದರಿಂದ ಚಳಿಯಲ್ಲೂ ಮರುದಿನಕ್ಕೆ ಒಣಗುತ್ತಿತ್ತು. ಸಗಣಿ ಹಲಗೆಯ ಕಡೆ ಹೋಗಲಿಲ್ಲ, ಒಲೆಯ ಮೇಲೆ ಮಾತ್ರ ಉಳಿಯಿತು. ಆದರೆ ಅಣ್ಣನಿಗೆ ಕಳಿಸಿದ ಸುದ್ದಿಯನ್ನು ಗೌರಮ್ಮ ಹಿಂದಕ್ಕೆ ಪಡೆದಿರಲಿಲ್ಲ.

ಎಳ್ಳಮವಾಸ್ಯೆಯ ಹಿಂದಿನ ದಿನ ರೊಟ್ಟಿ ಬಡಿಯುವುದಿತ್ತು. ಹಲಗೆ ಏನಾಗುತ್ತದೋ ಎಂದು ನಾನೂ ಬೆಳಿಗ್ಗೆಯೇ ಹೋದೆ. ಅಂಗಳದಲ್ಲಿ ಬಂಡಿ ನಿಂತಿತ್ತು. ಶಾಂತಮ್ಮನ ಅಣ್ಣ ಭೀಮಣ್ಣ ಕಕ್ಕೇರಾದಿಂದ ಬಂದಿದ್ದ. ಎತ್ತು ಬಿಚ್ಚಬೇಕೋ ಬಿಡಬೇಕೋ ತಿಳಿಯದೆ ನೊಗದ ಹತ್ತಿರವೇ ನಿಂತಿದ್ದ. ವಕೀಲರು ಪಡಸಾಲೆಯಲ್ಲಿ ಒಂದು ಕಾಗದವನ್ನು ತಲೆಕೆಳಗೆ ಹಿಡಿದು ಓದುತ್ತಿದ್ದರು.

ಶಾಂತಮ್ಮ ಹಲಗೆಯ ಮುಂದೆ ನಿಂತು ಹಿಟ್ಟು ನಾದಿದಳು. ನಿಂತು ರೊಟ್ಟಿ ಬಡಿಯುವುದು ಅವಳಿಗೂ ಹೊಸದು. ಮೊದಲ ರೊಟ್ಟಿ ಎತ್ತುವಾಗ ಹರಿಯಿತು. ಗೌರಮ್ಮ ಆ ಹರಿದ ಚೂರು ಎತ್ತಿ ಮೂಸಿ ನೋಡಿದರು, ಸುಟ್ಟು ಬಾಯಿಗೆ ಹಾಕಿಕೊಂಡರು. "ಎಣ್ಣಿ ನಾತ ಇಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು. ಎರಡನೆಯದು ಅಂಟದೆ ತಿರುಗಿತು. ಹಲಗೆ ಹಿಟ್ಟನ್ನು ಹಿಡಿಯಲಿಲ್ಲ, ಬೇಕಾದಾಗ ಬಿಟ್ಟುಕೊಟ್ಟಿತು. ಆಮೇಲೆ ಅಂಗೈಯ ಸದ್ದು ಒಂದೇ ಸಮನೆ ಬರತೊಡಗಿತು. ಬಡಿದ ರೊಟ್ಟಿ ಬೇಯಿಸಲು ಒಲೆಯ ಮುಂದೆ ಕುಳಿತಿದ್ದ ನಾನು ಆ ಸದ್ದು ಕೇಳಿ ಅತ್ತುಬಿಟ್ಟೆ, ಹೊಗೆ ಎಂದು ಹೇಳಿಕೊಂಡೆ.

ಮಧ್ಯಾಹ್ನಕ್ಕೆ ಬುಟ್ಟಿ ತುಂಬಿತು. ಶಾಂತಮ್ಮ ಹಲಗೆಗೆ ಒರಗಿ ನಿಂತಳು, ಮಡಚದ ಕಾಲು ನಡುಗುತ್ತಿತ್ತು. ಅಂಗಳದಿಂದ ಭೀಮಣ್ಣ ಕೇಳಿದ: "ಅತ್ತಿ, ಬಂಡಿ ಹೂಡ್ಲೇನು?"

ಗೌರಮ್ಮ ಒಳಗೆ ಬಂದು ಹಿಟ್ಟು ಕೊಡವಿ, ಬೆಚ್ಚಗಿನ ಎಣ್ಣೆಯಲ್ಲಿ ಕೈ ಅದ್ದಿ ಹಲಗೆ ಸಾರಿಸಿದರು. ಅರ್ಧ ಚಂದ್ರದ ಮೇಲೆ ಅರ್ಧ ಚಂದ್ರ. ಹೆಚ್ಚಾದ ಎಣ್ಣೆಯನ್ನು ಅಂಗೈಗೆ ಎಳೆದುಕೊಂಡರು. ನಾನು ಒರೆಸಲು ಬಟ್ಟೆ ಚಾಚಿದೆ. ಅವರು ಬಟ್ಟೆ ತೆಗೆದುಕೊಳ್ಳಲಿಲ್ಲ. ಹಿಡಿದ ಸೊಂಟವನ್ನು ಒಂದು ಕೈಯಿಂದ ಒತ್ತಿಕೊಂಡು, ಮೆಲ್ಲಗೆ ನೆಲಕ್ಕೆ ಕುಳಿತರು.

"ಕಾಲ ಇತ್ತ ತಾ" ಎಂದರು ಸೊಸೆಗೆ.

ಶಾಂತಮ್ಮ ಗಾಬರಿಯಾಗಿ, "ಬ್ಯಾಡ್ರಿ ಅತ್ತಿ, ನನ್ನ ಕಾಲು ನೀವು..." ಎಂದಳು.

"ತಾ ಅಂದ್ನಲ್ಲ. ಬೆಚ್ಚನ್ನ ಎಣ್ಣಿ ಚೆಲ್ಲಲೇನು?"

ಅಂಗೈಯಲ್ಲಿ ಉಳಿದ ಎಣ್ಣೆಯನ್ನೆಲ್ಲ ಆ ಮೊಣಕಾಲಿಗೆ ತಿಕ್ಕಿದರು. ಹಲಗೆಗೆ ತಿಕ್ಕಿದ ಹಾಗೆಯೇ, ಮುಂಗೈ ತಿರುವಿ, ಮೂಲೆ ಬಿಡದೆ. ನನ್ನ ಕೆಲಸ ಮುಗಿದಿತ್ತು. ಬಟ್ಟಲಲ್ಲಿದ್ದ ಎಣ್ಣೆಯನ್ನು ಬಾಟಲಿಗೆ ಸುರಿದುಕೊಂಡು ಹೊರಡೋಣವೆಂದು ಕೈ ಹಾಕಿದೆ.

"ಬಟ್ಟಲಾ ಇಲ್ಲೇ ಇಡು ನೀಲಮ್ಮ" ಎಂದರು ಗೌರಮ್ಮ, ತಲೆ ಎತ್ತದೆ. "ನಾಳಿ ಹಲಗಿಗೂ ಬೇಕು, ಕಾಲಿಗೂ ಬೇಕು."

ಅಂಗಳದಲ್ಲಿ ಭೀಮಣ್ಣ ಎತ್ತು ಬಿಚ್ಚಿ, ಊಟಕ್ಕೆ ಕೈ ತೊಳೆದ.